ಶರಣಮ್ಮನವರಿಗೆ ಹೇಳಿಕೊಂಡ ಬಯಕೆ

ಕಳೆದ ತಿಂಗಳು ಮದುವೆಯೊಂದಕ್ಕೆ ಬಳ್ಳಾರಿಗೆ ಹೋಗಿದ್ದೆ. ಊಟ ಮುಗಿಸಿ ಛತ್ರದಿಂದ ಬಸ್ ಸ್ಟ್ಯಾಂಡಿಗೆ ಬರುವಾಗ ಆಟೋ ಸಿಗ್ನಲ್ಲಿನಲ್ಲಿ ನಿಂತಿತು. ಪಕ್ಕದಲ್ಲೊಂದು ಹೊಸ ಹೋಟೆಲ್ಲು. ಬೋರ್ಡಿನ ಮೇಲೆ ಒಂದು ತೆಂಗಿನಮರ, ಒಂದು ದೋಣಿ, ಬಾಯಿ ಬಿಟ್ಟ ಒಂದು ಮೀನು. ಈಗ ಬಳ್ಳಾರಿಗೂ ಕಡಲ ಮೀನು ಬರುತ್ತದೆ, ಐಸಿನ ಹಾಸಿಗೆಯಲ್ಲಿ ಮಲಗಿಕೊಂಡು ಲಾರಿ ಪ್ರಯಾಣ ಮಾಡಿ. ಒಳಗಿನಿಂದ ಬಂಗಡೆ ಹುರಿಯುವ ವಾಸನೆ ಬಂತು. ನನ್ನಂಥ ಮೀನುಬಾಕಿಗೆ ಬಾಯಲ್ಲಿ ನೀರೂರಬೇಕಿತ್ತು. ಅದರ ಬದಲು ತೋಳಿನ ಕೂದಲು ನೆಟ್ಟಗಾದವು. ಬೇಗ ಹೋಗಪ್ಪ ಅಂತ ಆಟೋದವನಿಗೆ ಅಂದೆ.

"ಯಾಕ್ರಿ ಮೇಡಂ, ಮೀನ ತಿನ್ನಂಗಿಲ್ಲೇನು ನೀವು?" ಅಂತ ಅವನು ಕನ್ನಡಿಯಲ್ಲಿ ನೋಡಿದ.

"ತಿಂತೀನಪ್ಪ" ಅಂದೆ. ಉಳಿದದ್ದನ್ನು ಸಿಗ್ನಲ್ ಬಿಡುವಷ್ಟರಲ್ಲಿ ಹೇಳಿ ಮುಗಿಸಲು ಆಗುವಂತಿರಲಿಲ್ಲ.

ನನ್ನ ಊರು ಕುಮಟಾದ ಹತ್ತಿರ, ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ. ಎಷ್ಟೋ ವರ್ಷಗಳ ಹಿಂದೆ, ಮದುವೆಯಾದ ಹೊಸದರಲ್ಲಿ ಗಂಡ ಗಣಪತಿಗೆ ಬಳ್ಳಾರಿ ಕಡೆಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನನಗೆ ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ. ಸತ್ಯನಾರಾಯಣಪೇಟೆಯ ಒಂದು ಹಳೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯ ಒಡತಿ ಶರಣಮ್ಮ ಮತ್ತು ಅವರ ಯಜಮಾನರು. ಯಜಮಾನರು ಬೆಳಗಾದರೆ ಅರಳೆ ಅಂಗಡಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುವವರು. ಶರಣಮ್ಮ ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿ ಕರಡಿಗೆಯೊಳಗೆ ಲಿಂಗ. ಬೆಳಿಗ್ಗೆ ಲಿಂಗಪೂಜೆಯಾಗದೆ ಒಂದು ಗುಟುಕು ಚಹಾ ಕುಡಿದವರಲ್ಲ. ಮನೆ ತೋರಿಸುವಾಗಲೇ ಹೇಳಿದ್ದರು, "ಬಾಡಿಗಿ ಹಿಂದ ಮುಂದ ಆದ್ರ ನಡೀತೈತಿ. ಮನಿಯಾಗ ತತ್ತಿ ಸೈತ ಬರಬಾರ್ದು ನೋಡವಾ."

ಒಪ್ಪಿಕೊಂಡೆ. ನಾಲಿಗೆಯನ್ನು ಕಟ್ಟಿಹಾಕಬಹುದು ಅಂತ ಅಂದುಕೊಳ್ಳುವ ವಯಸ್ಸು ಅದು. ಅವರೂ ನನ್ನನ್ನು ಬರಿಗೈಯಲ್ಲಿ ಬಿಟ್ಟವರಲ್ಲ. ಜೋಳದ ರೊಟ್ಟಿ, ಮುಳಗಾಯಿ ಪಲ್ಯ, ಶೇಂಗಾ ಚಟ್ನಿ, ಹಬ್ಬ ಬಂದರೆ ಹೋಳಿಗೆ, ಎಲ್ಲ ಮೆಟ್ಟಿಲು ಹತ್ತಿ ಬರುತ್ತಿದ್ದವು. ತಿಂದು ಕೈ ತೊಳೆದ ಮೇಲೂ ಊಟವೇ ಆಗಿಲ್ಲ ಅನ್ನಿಸುತ್ತಿತ್ತು. ಮೀನಿಲ್ಲದ ಊಟವನ್ನು ನಮ್ಮೂರಲ್ಲಿ ಊಟದ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆ ಮನೆಯಲ್ಲಿದ್ದಾಗಲೇ ನಾನು ಬಸುರಿಯಾದೆ. ಹಿಂದಿನ ವರ್ಷ ಒಂದು ಕೂಸು ಮೂರು ತಿಂಗಳಿಗೇ ಹೋಗಿತ್ತು, ಹಾಗಾಗಿ ಈ ಸಲ ಕುರುಗೋಡಿನ ಬಸ್ಸು ಗುಂಡಿಗೆ ಇಳಿದರೂ ಎರಡೂ ಕೈ ಹೊಟ್ಟೆಯ ಮೇಲೆ ಹೋಗುತ್ತಿದ್ದವು. ಬೇಸಿಗೆ ಶುರುವಾಗುತ್ತಿದ್ದಂತೆ ಬಯಕೆ ಹಿಡಿಯಿತು. ಬಳ್ಳಾರಿಯ ಬೇಸಿಗೆ ಅಂದರೆ ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಹಿಂದೆ ತೆಗೆಯಬೇಕು. ಅಂಥ ಬಿಸಿಲಿನಲ್ಲಿ ನನಗೆ ಹಸಿ ಬಂಗಡೆಯ ಹೊಳಪು ಕಾಣುತ್ತಿತ್ತು. ತಾರ್ಲೆ, ನೊಗಲಿ, ಸೆಟ್ಲಿ, ಬಳಚು, ನಮ್ಮ ಕಡಲು ಕೊಡುವ ಒಂದೊಂದರ ಹೆಸರನ್ನೂ ಹಾಸಿಗೆಯಲ್ಲಿ ಮಲಗಿ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ. ಗಣಪತಿ ಪಾಪ ಸಿರುಗುಪ್ಪದವರೆಗೆ ಹೋಗಿ ತುಂಗಭದ್ರೆಯ ಮೀನು ಹುರಿಸಿಕೊಂಡು, ನನ್ನನ್ನು ಊರ ಹೊರಗೆ ಬೈಕಿನಲ್ಲಿ ಕರೆದೊಯ್ದು ಬೇವಿನ ಮರದ ಕೆಳಗೆ ಕೂರಿಸಿ ತಿನ್ನಿಸಿದ. ಹೊಳೆಮೀನು ಒಳ್ಳೆಯದೇ, ತಿನ್ನುವವರಿಗೆ. ನನಗೆ ಕೆಸರು ಮುಕ್ಕಿದ ಹಾಗಾಯಿತು. ಊರಿಗೆ ಹೋಗಿಬರೋಣ ಅಂದರೆ ಇಷ್ಟು ದೂರದ ಪ್ರಯಾಣ ಬೇಡವೇ ಬೇಡ ಅಂದರು ಡಾಕ್ಟರು. ಇನ್ನು ಮಳೆಗಾಲ ಬಂದರೆ ಕಡಲಿಗೆ ಬೋಟು ಇಳಿಸುವುದೂ ಬಂದಾಗುತ್ತದೆ.

ಬೇಸಿಗೆ ರಜೆಗೆ ಇನ್ನೂ ಕೆಲವು ದಿನವಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ, ಕೆಳಗಿನ ಪಡಸಾಲೆಯ ತಣ್ಣನೆ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದೆವು. ಶರಣಮ್ಮ ಬೀಸಣಿಗೆಯಿಂದ ನನಗೂ ಗಾಳಿ ಹಾಕುತ್ತ ಕೇಳಿದರು.

"ಮೂರು ತುಂಬಿ ನಾಕರಾಗ ಬಿತ್ತಲ್ಲ, ಏನು ಬಯಕಿ ಆಗೇತಿ ಹೇಳವಾ. ಮನಿಯಾಗಿನ ಹಿರೇರು ಕೇಳಬೇಕು, ಬಸುರಿ ಹೇಳಬೇಕು, ಕೇಳಿದವರು ಮಾಡಿ ಹಾಕಬೇಕು. ನಮ್ಮ ಕಡೆ ಹಂಗ. ನಿಮ್ಮವ್ವ ದೂರ ಅದಾರ, ನಾನ ಕೇಳಾಕತ್ತೀನಿ."

ಮಾವಿನಕಾಯಿ, ಹುಣಸೆಹಣ್ಣು, ಬೂದಿ, ಏನಾದರೂ ಹೇಳಿ ಮುಗಿಸಬಹುದಿತ್ತು. ಅವರು ಅಷ್ಟು ಅಕ್ಕರೆಯಿಂದ ಕೇಳಿದಾಗ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬೇಡ ಬಿಡಿ ಅಮ್ಮ, ನಿಮಗೆ ಹೇಳುವಂಥದ್ದಲ್ಲ" ಅಂದೆ. "ಹೇಳಾಕ ಏನು ಮೈಲಿಗಿ? ಹೇಳು" ಅಂದರು.

ಹೇಳಿದೆ. ಬೆಲ್ಲ ಕಂಡ ಇರುವೆಯ ಹಾಗೆ ಒಮ್ಮೆ ಶುರು ಹಚ್ಚಿಕೊಂಡ ಮೇಲೆ ಬಿಡಲಿಲ್ಲ. ಮಧ್ಯಾಹ್ನದ ಮೇಲೆ ದೋಣಿಗಳು ಬರುವ ಹೊತ್ತಿಗೆ ಗಾಳಿಯ ವಾಸನೆ ಬದಲಾಗುವುದು, ಮೀನು ಹೊತ್ತ ಹೆಂಗಸರು ಓಡುನಡಿಗೆಯಲ್ಲಿ ಬರುವುದು, ಕಿವಿರು ಎತ್ತಿ ಕೆಂಪಗಿದೆಯಾ ಅಂತ ನೋಡುವುದು. ಬಾಲದಿಂದ ತಲೆಯ ಕಡೆಗೆ ಹೆರೆದು, ಹೆಬ್ಬೆರಳು ತೂರಿಸಿ ಹೊಟ್ಟೆ ಬಳಿದು ತೆಗೆಯುವುದು. ಕಾಯಿ, ಕೆಂಪುಮೆಣಸು ನುಣ್ಣಗೆ ಅರೆದು, ನಾಲಿಗೆ ಚುಮುಚುಮು ಅನ್ನಿಸುವ ಜುಮ್ಮನಕಾಯಿ ಜಜ್ಜಿ ಹಾಕಿ, ಮಣ್ಣಿನ ಪಾತ್ರೆಯಲ್ಲಿ ಕುದಿಸುವುದು. ಶರಣಮ್ಮ ಮುಖ ಕಿವುಚಿ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಅವರ ಬೀಸಣಿಗೆ ನಿಂತಿತ್ತು. ಕಣ್ಣು ರೆಪ್ಪೆ ಬಡಿಯದೆ ನನ್ನ ಬಾಯಿಯ ಮೇಲಿತ್ತು.

"ಮುಂದ?" ಅಂದರು.

ಅವರ ದನಿ ಕೇಳಿ ನನಗೆ ನಾಚಿಕೆಯಾಯಿತು. ಏನೋ ನೆವ ಹೇಳಿ ಮೇಲೆ ಬಂದೆ. ಆವತ್ತು ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದರೆ ಬಯಕೆ ಇರಲಿಲ್ಲ. ಹೇಳಿಕೊಂಡದ್ದಕ್ಕೆ ಹಗುರಾಯಿತು ಅಂತ ಖುಷಿಪಟ್ಟೆ.

ಆಮೇಲೆ ರಜೆ. ದಿನವಿಡೀ ಮನೆಯಲ್ಲೇ ಇದ್ದದ್ದರಿಂದ ನನಗೆ ಕಂಡಿತು. ದಿನಾ ಬಿಸಿಲು ಇಳಿಯುವ ಹೊತ್ತಿಗೆ ಶರಣಮ್ಮ ಮಾಳಿಗೆಗೆ ಹತ್ತುತ್ತಿದ್ದರು. ಒಣಗಿದ ಬಟ್ಟೆ ತೆಗೆಯಲು ಅಂದುಕೊಂಡಿದ್ದೆ. ಬಟ್ಟೆ ಇಲ್ಲದ ದಿನವೂ ಹತ್ತಿ, ಪಶ್ಚಿಮಕ್ಕೆ ಮುಖ ಮಾಡಿ, ಸೆರಗು ಬಾಯಿಗೆ ಒತ್ತಿ ನಿಲ್ಲುತ್ತಿದ್ದರು. ಆ ದಿಕ್ಕಿಗೆ ಬಂಡೆಗುಡ್ಡ, ಧೂಳು, ನೀರಿನ ಟ್ಯಾಂಕುಗಳು. ಒಂದು ದಿನ ನಾನು ಹಿಂದಿನಿಂದ ಹೋದೆ. ತಿರುಗದೆಯೇ ಅವರು ಕೇಳಿದರು.

"ಬಂದುವೇನವಾ?"

"ಏನು ಬಂದವು ಅಮ್ಮ?"

"ದ್ವಾಣಿ" ಅಂದರು. ಅಂದವರೇ ಬೆಚ್ಚಿ ನನ್ನ ಕಡೆ ನೋಡಿ ಸರಸರ ಕೆಳಗಿಳಿದು ಹೋದರು.

ಓಣಿಯ ಬೆಕ್ಕುಗಳು ಅವರ ಹೊಸಿಲಿಗೆ ಬಂದು ಕೂರತೊಡಗಿದವು. ಹಾಲಿಟ್ಟರೆ ಮುಟ್ಟುತ್ತಿರಲಿಲ್ಲ, ಅವರ ಬಲಗೈಯನ್ನಷ್ಟೇ ಮೂಸುತ್ತಿದ್ದವು. ಹೊಡೆದು ಓಡಿಸಿದರೂ ಗೋಡೆಯ ಮೇಲೆ ಸಾಲಾಗಿ ಕೂತು ಕಾಯುತ್ತಿದ್ದವು. ಆಮೇಲೊಂದು ಬೆಳಿಗ್ಗೆ ಮೊಸರು ಕೇಳಲು ಕೆಳಗೆ ಹೋದೆ. ಶರಣಮ್ಮ ಈಳಿಗೆಮಣೆಯ ಮುಂದೆ ಕೂತಿದ್ದರು, ಕೈಯಲ್ಲಿ ಉದ್ದನೆಯ ಹೀರೇಕಾಯಿ. ಅದನ್ನು ತುದಿಯಿಂದ ತೊಟ್ಟಿನ ಕಡೆಗೆ ಹೆರೆದರು. ತೊಟ್ಟನ್ನು ಓರೆಯಾಗಿ ಕತ್ತರಿಸಿದರು. ಹೆಬ್ಬೆರಳನ್ನು ಒಳಗೆ ತೂರಿಸಿ ತಿರುಳನ್ನು ಬಳಿದು ಒಂದು ಕಡೆ ಒಗೆದರು. ನೋಡನೋಡುತ್ತ ಉಪ್ಪು ಅರಿಶಿನ ಹಚ್ಚಿ ಎರಡು ಸಲ ತೊಳೆದರು. ನನ್ನ ಅಮ್ಮ ಹಿತ್ತಲಿನಲ್ಲಿ ಕೂತು ಮಾಡುವ ಕೆಲಸವದು. ಕೈಯ ಓಟವೂ ಅದೇ. ನಾನು ಮೊಸರು ಕೇಳದೆ ವಾಪಸು ಬಂದೆ.

ಮಕ್ಕಳಿಗೆ ಹಗಲೆಲ್ಲ ಕಾರಣ, ಪರಿಣಾಮ ಅಂತ ಪಾಠ ಮಾಡುವವಳು ನಾನು. ಕತೆ ಕೇಳಿ ಮುದುಕಿಯ ಮನಸ್ಸಿಗೆ ನಾಟಿದೆ, ಅಷ್ಟೇ ಅಂತ ಸಮಾಧಾನ ಮಾಡಿಕೊಂಡೆ. ಆದರೆ ನನಗೇ ಬೇರೊಂದು ಶುರುವಾಗಿತ್ತು. ಬಯಕೆಯ ಹಿಂದೆ ಹಸಿವೂ ಹೋಗಿತ್ತು. ಅನ್ನ ಬಾಯಿಗಿಟ್ಟರೆ ಹಸಿ ಜೇಡಿಮಣ್ಣು ಕಲಸಿಟ್ಟಂತೆ. ಬಂಗಡೆಯ ರುಚಿ ನೆನಪು ಮಾಡಿಕೊಳ್ಳಲು ಕೂತರೆ ಹೆಸರು ಮಾತ್ರ ಬರುತ್ತಿತ್ತು. ಶಾಲೆ ಶುರುವಾಗಿ, ಮಳೆಗಾಲ ನಡುವಿಗೆ ಬರುವಷ್ಟರಲ್ಲಿ ಕೆನ್ನೆ ಒಳಗೆ ಹೋಗಿತ್ತು. ಒಳಗಿನ ಕೂಸು ಮೊದಲಿನ ಹಾಗೆ ಆಡುತ್ತಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ಎದೆಬಡಿತ ಸರಿಯಿದೆ, ಬೆಳವಣಿಗೆ ಸಾಲದು, ತಾಯಿ ತಿನ್ನದಿದ್ದರೆ ಅದೇನು ಮಾಡಬೇಕು ಅಂತ ಗದರಿದರು. ಇನ್ನೂ ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿಕೊಳ್ಳಬೇಕಾಗುತ್ತದೆ ಅಂದರು. ಹಿಂದಿನ ವರ್ಷದ ಹಾಸಿಗೆ, ಅಲ್ಲಿಯ ಹಸಿರು ಪರದೆ ಕಣ್ಣಿಗೆ ಬಂತು. ಇದೂ ಹೋಗುತ್ತದೆ ಅಂತ ನನಗೆ ಒಳಗೊಳಗೇ ಖಾತ್ರಿಯಾಗಿಬಿಟ್ಟಿತು.

ಫೋನಿನಲ್ಲಿ ಅಮ್ಮನಿಗೆ ಎಲ್ಲ ಹೇಳಿಕೊಂಡು ಅತ್ತೆ.

"ಎಂತದೇ ಮಗಾ, ಯಾರ ಹತ್ರ ಹೇಳ್ದೆ ನೀನು?" ಅಂದಳು. "ಕೊಡೂಕೆ ಆಗ್ದೇ ಇದ್ದೋರ ಹತ್ರ ಬಯಕೆ ಹೇಳೂಕಿಲ್ಲ ಅಂತ ನಿಂಗೆ ಗೊತ್ತಿಲ್ವಾ? ಕೇಳ್ದೋರು ಕೊಡ್ದೇ ಇದ್ರೆ ಬಯಕೆ ಅವ್ರ ಹತ್ರನೇ ನಿಂತ್ಕಂಡು ಬಿಡ್ತದೆ. ಇನ್ನು ಅವ್ರೇ ತಮ್ಮ ಕೈಯಾರೆ ನಿಂಗೆ ತಿನ್ನಿಸ್ಬೇಕು."

"ಅವರು ಲಿಂಗ ಕಟ್ಟಿದವರಮ್ಮ. ಹೇಗೆ ಕೇಳಲಿ?"

"ಕೇಳ್ಬೇಡ. ಕೇಳೂ ಹಂಗೂ ಇಲ್ಲ" ಅಂದಳು ಅಮ್ಮ.

ನಾನು ಕೇಳಲಿಲ್ಲ. ಶರಣಮ್ಮನೇ ಮೇಲೆ ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತವರ ಕಣ್ಣು ಗುಳಿಬಿದ್ದಿದ್ದವು.

"ತಂಗಿ, ನನ್ನ ಬಾಯಾಗ ನೀರು ಬರ್ತಾವ. ಪೂಜಿಗೆ ಕುಂತು ಲಿಂಗ ಅಂಗೈಯಾಗ ಇಟಗೊಂಡಾಗ ಬರ್ತಾವ. ಹುಟ್ಟಿದಾಗಿಂದ ಅದರ ಮುಖ ಸೈತ ನೋಡಿಲ್ಲ ನಾನು. ರುಚಿ ಗೊತ್ತಾಗತೈತಿ. ಮುಳ್ಳು ಎಲ್ಲೆಲ್ಲಿ ಅದಾವ ಅನ್ನೂದೂ ಗೊತ್ತಾಗತೈತಿ. ಏನಾಗೇತಿ ನನಗ?"

ಅಮ್ಮ ಹೇಳಿದ್ದನ್ನು ಮುಚ್ಚಿಡಲು ಆಗಲಿಲ್ಲ. ಕೇಳುತ್ತ ಕೇಳುತ್ತ ಅವರು ಕೆಳಗೆ ಕೂತರು. ನನ್ನ ಕೆನ್ನೆ ನೋಡಿದರು, ಹೊಟ್ಟೆ ನೋಡಿದರು. ಎದ್ದು ಇಳಿದು ಹೋದರು. ಮಾರನೇ ದಿನ ಪೂರ್ತಿ ಕೆಳಗಿನ ಬಾಗಿಲು ತೆರೆಯಲಿಲ್ಲ, ಯಜಮಾನರು ಅಂಗಡಿಗೇ ಊಟ ತರಿಸಿಕೊಂಡರಂತೆ. ನಾನು ಮನೆ ಖಾಲಿ ಮಾಡುವುದೇ ಸರಿ ಅಂತ ಗಣಪತಿಗೆ ಹೇಳುತ್ತಿದ್ದೆ. ಅದರ ಮರುದಿನ ಶರಣಮ್ಮ ತಲೆಗೆ ನೀರು ಹಾಕಿಕೊಂಡು, ವಿಭೂತಿ ಧರಿಸಿ ಬಂದರು.

"ಕೇಳಿದಾಕಿ ನಾನು. ಮಾಡಿ ಹಾಕಬೇಕಾದಾಕೀನೂ ನಾನ. ಈ ಮನಿಯಾಗ ಬ್ಯಾಡ. ಶ್ರಾವಣ ಸೋಮವಾರ ಹೊಳಿ ಜಳಕಕ್ಕ ಹೋಗಿಬರ್ತೀನಿ ಅಂತ ಮನಿಯವರಿಗೆ ಹೇಳೀನಿ. ನೀನೂ ಬಾ."

ಶ್ರಾವಣ ಸೋಮವಾರ! ಬೇರೆ ದಿನ ಸಿಗಲಿಲ್ಲವೇ ಅಂದುಕೊಂಡೆ. ಅವರಿಗೆ ಬೇರೆ ನೆವ ಹೇಳಲು ಬರುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಕಡಲಿಗೆ ಬೋಟು ಇಳಿದಿದ್ದವು. ಅಮ್ಮ ಬಂಗಡೆಯನ್ನು ಐಸಿನಲ್ಲಿಟ್ಟು, ಮಸಾಲೆ ಅರೆದು ಕಟ್ಟಿ, ದಾರಿಯಲ್ಲಿ ಗಾಳಿ ಸೋಕದಿರಲಿ ಅಂತ ಮೇಲೊಂದು ಇದ್ದಿಲ ತುಂಡಿಟ್ಟು, ಬಳ್ಳಾರಿಗೆ ಬರುವ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸಿದಳು. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಮಾರೆಮ್ಮನ ತವರು ಕೆಂಚನಗುಡ್ಡ. ಹೊಳೆದಂಡೆಗೆ ಅವಳ ಅಣ್ಣನ ಹೊಲ. ಆವತ್ತು ರಜೆ ಹಾಕಿ ಮಾರೆಮ್ಮನೂ ಬಂದಳು. ಸಿರುಗುಪ್ಪದಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ಎರಡೂ ಕಡೆ ಆಗಷ್ಟೇ ನಾಟಿಯಾದ ಭತ್ತದ ಗದ್ದೆ, ಕಾಲುವೆಯ ತುಂಬ ನೀರು. ಶರಣಮ್ಮ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದರು.

ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಸದ್ದು ಮಾತ್ರ ಇರಲಿಲ್ಲ, ಅಷ್ಟು ನೀರು ಅಷ್ಟು ಮೌನವಾಗಿ ಹೋಗುವುದನ್ನು ನಾನು ನೋಡಿರಲಿಲ್ಲ. ಮಾರೆಮ್ಮ ಮೂರು ಕಲ್ಲು ಹೂಡಿ ಬೆಂಕಿ ಮಾಡಿ, ಬುಟ್ಟಿ ಬಿಚ್ಚಿದಳು. "ನಮ್ಮ ಕಡೆ ಚ್ಯಾಪಲ ಪುಲುಸು ಅಂತ ಮೀನಿನ ಸಾರು ಮಾಡ್ತೀವ್ರಿ ಮೇಡಮ್ಮಾರ, ಹುಣಸಿಹುಳಿ ಹಿಂಡಿ. ನಿಮ್ಮ ಸಮುದ್ರದ್ದು ಹೆಂಗೋ ಏನೋ" ಅನ್ನುತ್ತ ಒಂದು ಮೀನು ಎತ್ತಿಕೊಂಡಳು. ದೂರದಲ್ಲಿ ಬೆನ್ನು ತಿರುಗಿಸಿ ಕೂತಿದ್ದ ಶರಣಮ್ಮ, ನೋಡದೆಯೇ ಅಂದರು, "ಹಂಗಲ್ಲ ಮಾರೆಮ್ಮ. ಮೊದಲ ಕಿವಿರು ಕೀಳು. ಇಲ್ಲಂದ್ರ ಕಹಿ ಆಗತೈತಿ."

ಮಾರೆಮ್ಮ ಚಾಕು ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. "ಅವ್ವಾರಿಗೆ ಹೆಂಗ ಗೊತ್ತ್ರಿ?" ಅಂತ ಪಿಸುಗುಟ್ಟಿದಳು. ನಾನು ಒಲೆಗೆ ಇನ್ನೊಂದು ಪುಳ್ಳೆ ಒಡ್ಡಿದೆ.

ಸಾರು ಕುದಿಯಿತು. ಮಾರೆಮ್ಮ ಮೂಗರಳಿಸಿ ಆಹಾ ಅಂದಳು. ನನಗೆ ಬಿಸಿ ಹಬೆ ತಗುಲಿತು, ವಾಸನೆ ಬರಲಿಲ್ಲ. ನನ್ನ ಮುಂದೆ ಒಂದೇ ತಟ್ಟೆ. ಶರಣಮ್ಮ ಎದ್ದು ಬಂದು ಎದುರು ಕೂತರು, ಕರಡಿಗೆಯನ್ನು ಬೆನ್ನ ಕಡೆಗೆ ಸರಿಸಿ ಸೆರಗು ಮುಚ್ಚಿದರು. ಕೈ ಚಾಚಿದರು, ಹಿಂದೆಗೆದರು, ಮತ್ತೆ ಚಾಚಿದರು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಬೇಡ ಅಮ್ಮ, ವಾಪಸು ಹೋಗೋಣ" ಅಂದೆ.

"ಮುಟ್ಟೂದು ಬರೇ ಕೈ ಅಲ್ಲೇನು, ತೊಳಕೊಂತೀನಿ. ನೀ ಬಾಯಿ ತೆರಿ."

ಮೀನು ಮುಟ್ಟಿದ್ದೇ ಬೆರಳುಗಳ ಅಳುಕು ಹೋಯಿತು. ಬೆನ್ನಿನ ಕಡೆಯಿಂದ ಮಾಂಸ ಬಿಡಿಸಿ, ಪಕ್ಕದ ಸಣ್ಣ ಮುಳ್ಳನ್ನು ತಟ್ಟೆಯ ಅಂಚಿಗೆ ಸವರಿ, ನಡುಮುಳ್ಳನ್ನು ತಲೆಯ ಸಮೇತ ಒಂದೇ ಎಳೆತಕ್ಕೆ ಎತ್ತಿದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಅನ್ನದಲ್ಲಿ ಕಲಸಿ ತುತ್ತು ಮಾಡಿ ನನ್ನ ಬಾಯಿಗಿಟ್ಟರು. ಮಣ್ಣು. ಇನ್ನೊಂದು ತುತ್ತು, ಅದೂ ಮಣ್ಣು. ಉಗುಳಬೇಕು ಅನ್ನುವಾಗ ನಾಲಿಗೆಯ ಅಂಚಿನಲ್ಲಿ ಜುಮ್ಮನಕಾಯಿ ಚುಮುಗುಟ್ಟಿತು. ಅದರ ಹಿಂದೆಯೇ ಖಾರ, ಉಪ್ಪು, ಹಸಿ ಬಂಗಡೆಯ ಕೊಬ್ಬು, ಎಲ್ಲ ಬಂತು. ಅಮ್ಮನ ಹಿತ್ತಲು ಬಂತು. ಬಿಕ್ಕಿಬಿಕ್ಕಿ ಅಳುತ್ತ ಬಾಯಿ ತೆರೆದೆ, ತೆರೆದೆ. ಒಳಗಿನಿಂದ ಕೂಸು ಪಕ್ಕೆಗೆ ಎಂಥ ಒದೆ ಕೊಟ್ಟಿತೆಂದರೆ ನಾನು ಅಯ್ಯೋ ಅಂತ ಮಾರೆಮ್ಮನ ಭುಜ ಹಿಡಿದೆ. ಅವಳು ನಗುತ್ತ "ಹಸದಿತ್ರಿ ಪಾಪ" ಅಂದಳು.

ಶರಣಮ್ಮ ನಗಲಿಲ್ಲ. ನಾನು ಅಗಿಯುವಾಗ ಅವರ ದವಡೆಯೂ ಆಡುತ್ತಿತ್ತು. ನಾನು ನುಂಗಿದಾಗ ಅವರ ಗಂಟಲ ಗಂಟೂ ಏರಿ ಇಳಿಯುತ್ತಿತ್ತು. ಒಂದು ಅಗುಳೂ ಅವರ ಬಾಯಿಗೆ ಹೋಗಲಿಲ್ಲ, ಇದನ್ನು ಮಾರೆಮ್ಮನೂ ನೋಡಿದ್ದಾಳೆ. ತಟ್ಟೆ ಖಾಲಿಯಾದ ಮೇಲೆ ಅವರು ಉಟ್ಟ ಸೀರೆಯಲ್ಲೇ ದಂಡೆಯ ಕಲ್ಲಿನ ಮೇಲೆ ಕೂತು ತಂಬಿಗೆಯಿಂದ ನೀರು ಹುಯ್ದುಕೊಂಡರು. ಸೀರೆ ಬದಲಿಸಿ, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಪೂಜೆ ಮಾಡಿದರು. "ನೀರು ಬರಾಕತ್ತಿಲ್ಲ ತಂಗಿ" ಅಂದರು ಎದ್ದು ಬಂದು, ಬಾಯಿ ಒರೆಸಿ ತೋರಿಸುತ್ತ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಶರಣಮ್ಮ ದಂಡೆಯ ಗುಡಿಗೆ ಹೋಗಿ ಕೊಬ್ಬರಿ ಪ್ರಸಾದ ತಿಂದು ಬಂದರು. ಮಾರೆಮ್ಮ ತವರಲ್ಲೇ ಉಳಿದಳು. ಸಿರುಗುಪ್ಪದಲ್ಲಿ ನಾವಿಬ್ಬರೂ ಬಳ್ಳಾರಿ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಕೂತೆವು. ಹೊತ್ತು ಇಳಿಯುತ್ತಿತ್ತು, ಗದ್ದೆಯ ನೀರಿನ ಬೆಳಕು ಬಸ್ಸಿನ ಒಳಗೆಲ್ಲ ಆಡುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಶರಣಮ್ಮ ಗಂಟಲು ಹಿಡಿದುಕೊಂಡರು.

"ಇಲ್ಲಿ ಏನೋ ಚುಚ್ಚಾಕತ್ತೈತವಾ."

ನೀರು ಕುಡಿಸಿದೆ, ಬಾಳೆಹಣ್ಣು ನುಂಗಿಸಿದೆ. ಹೋಗಲಿಲ್ಲ. ಅವರ ಕಣ್ಣು ಕೆಂಪಾಗಿ ನೀರು ತುಂಬಿತು. ಕಿಟಕಿಯ ಕಡೆ ಮುಖ ಮಾಡಿಸಿ ಬಾಯಿ ತೆರೆಸಿದೆ. ಗಂಟಲಿನ ಬದಿಯಲ್ಲಿ ಏನೋ ಬೆಳ್ಳಗೆ ಮಿಂಚಿತು. ಎರಡು ಬೆರಳು ಹಾಕಿ ಹಿಡಿದು ಮೆಲ್ಲಗೆ ಎಳೆದೆ. ಸಣ್ಣದು, ಬಾಗಿದ್ದು, ತುದಿ ಸೂಜಿಯಂತೆ. ಹುಟ್ಟಿದಾಗಿನಿಂದ ಅಂಥವನ್ನು ತಟ್ಟೆಯ ಅಂಚಿಗೆ ಇಟ್ಟವಳು ನಾನು, ಗುರುತು ತಪ್ಪುವಂತಿರಲಿಲ್ಲ. ಅವರು ನೋಡುವ ಮೊದಲೇ ಮುಷ್ಟಿ ಮುಚ್ಚಿದೆ.

"ಏನಿತ್ತು?" ಅಂದರು. ಅವರ ಕೈ ಕರಡಿಗೆಯನ್ನು ಹುಡುಕುತ್ತಿತ್ತು.

"ಕೊಬ್ಬರಿ ನಾರು ಅಮ್ಮ. ಗುಡಿಯಲ್ಲಿ ಪ್ರಸಾದ ಕೊಟ್ಟರಲ್ಲ, ಅದರದ್ದು."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕರಡಿಗೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, "ಹೌದವಾ, ನಾರ ಇರಬೇಕು" ಅಂದರು. ನಾನು ಕಿಟಕಿಯಿಂದ ಕೈ ಹೊರಗೆ ಚಾಚಿದೆ. ಶರಣಮ್ಮ ನನ್ನ ಮಣಿಕಟ್ಟು ಹಿಡಿದು ಒಳಗೆ ಎಳೆದುಕೊಂಡರು.

"ಹಂಗ ಹೊರಗ ಒಗೀಬ್ಯಾಡ" ಅಂದರು ತಗ್ಗಿದ ದನಿಯಲ್ಲಿ. "ಬರಿಗಾಲಲೆ ನಡಿಯೋರು ಇರ್ತಾರ, ಕಾಲಾಗ ಚುಚ್ಚಿ ಮುರದು ಒಳಗ ಉಳೀತಂದ್ರ ಕೀವು ಹಿಡೀತೈತಿ."